ಸೊಸೆಯ ಕೈಯೂಟ

ಮೈಸೂರಿನ ಜೈಲಿನಲ್ಲಿದ್ದಾಗ ಸುನಿತಾ ಹೆಂಗಸರ ವಿಭಾಗದ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದಳು. ಊಟದ ಹೊತ್ತಿಗೆ ಸಾಲಾಗಿ ಬಂದು ನಿಲ್ಲುತ್ತಿದ್ದ ಹೆಂಗಸರಿಗೆಲ್ಲ ಇವಳು ಯಾವ ಕೇಸಿನಲ್ಲಿ ಒಳಗೆ ಬಂದವಳು ಅನ್ನುವುದು ಗೊತ್ತಿತ್ತು. ಮಾವನ ಊಟಕ್ಕೆ ವಿಷ ಹಾಕಿದವಳು. ಆದರೂ ಯಾರೊಬ್ಬಳೂ ತಟ್ಟೆ ಹಿಂದಕ್ಕೆ ಎಳೆದುಕೊಂಡದ್ದಿಲ್ಲ. ಏಳು ವರ್ಷವಾದ ಮೇಲೆ ಬೆಂಗಳೂರಿನ ದೊಡ್ಡ ಕೋರ್ಟು ಇವಳದು ಏನೂ ತಪ್ಪಿಲ್ಲ ಎಂದು ಬಿಡುಗಡೆ ಮಾಡಿತು. ಅಕ್ಕಿಹೆಬ್ಬಾಳಿನ ಸ್ವಂತ ಮನೆಗೆ ಬಂದಳು. ಅಲ್ಲಿ ಅವಳು ಅಟ್ಟದ್ದನ್ನು ಉಣ್ಣುವವರು ಇರಲಿಲ್ಲ.

ಕರೆತರಲು ಗಂಡ ಕುಮಾರ್ ಹೋಗಿದ್ದ. ರೈಲಿನಲ್ಲಿ ಹೇಮಾವತಿ ಹೊಳೆ ಕಾಣಿಸಿದಾಗ ಸುನಿತಾ ಕೇಳಿದಳು.

"ಚಿನ್ನು ಹೆಂಗವಳೆ?"

"ಚೆನ್ನಾಗವಳೆ. ಓಟದಲ್ಲಿ ಸ್ಕೂಲಿಗೇ ಫಸ್ಟು."

"ನನ್ನ ಕೇಳ್ತಾಳಾ?"

ಕುಮಾರ್ ಕಿಟಕಿಯಾಚೆ ನೋಡಿದ. "ಕೇಳ್ತಿದ್ಲು. ಚಿಕ್ಕೋಳಿದ್ದಾಗ."

ಬಾಗಿಲಲ್ಲಿ ಅತ್ತೆ ದ್ಯಾವಮ್ಮ ಕೆಂಪು ನೀರಿನ ತಟ್ಟೆ ಹಿಡಿದು ನಿಂತಿದ್ದಳು. ನೀವಾಳಿಸಿ, ಬೀದಿಗೆ ಚೆಲ್ಲಿ, "ಬಾವ್ವ, ಕಾಲ್ ತೊಳ್ಕೊ" ಅಂದಳು. ಅವರೆಕಾಳು ಸಾರು, ಬಿಸಿ ಮುದ್ದೆ. ಸುನಿತಾ ಮೊದಲ ತುತ್ತು ನುಂಗುವಾಗಲೇ ಕಣ್ಣೀರು ಇಳಿಯಿತು.

"ಉಣ್ಣೋವಾಗ ಅಳಬಾರ್ದು," ಅಂದಳು ದ್ಯಾವಮ್ಮ. "ಉಣ್ಣು."

ಹನ್ನೊಂದು ವರ್ಷದ ಮಗಳು ಚಿನ್ನು ಅಜ್ಜಿಯ ಬೆನ್ನಿಗೆ ಅಂಟಿಕೊಂಡು, ಬಂದ ಹೆಂಗಸನ್ನು ನೋಡುತ್ತಲೇ ಇದ್ದಳು.

ಅವತ್ತು ಸುನಿತಾ ಬಚ್ಚಲಮನೆಯ ಬಾಗಿಲಿಗೆ ಒಳಗಿನಿಂದ ತಾನೇ ಚಿಲಕ ಹಾಕಿಕೊಂಡು, ಹಂಡೆಯ ನೀರು ಖಾಲಿಯಾಗುವವರೆಗೂ ಹುಯ್ದುಕೊಂಡಳು. ಯಾರೂ ಬಾಗಿಲು ಬಡಿಯಲಿಲ್ಲ. ಅಷ್ಟು ಸುಖವನ್ನು ಅವಳು ಮರೆತೇಬಿಟ್ಟಿದ್ದಳು.

ಏಳು ವರ್ಷದ ಹಿಂದೆ ನಡೆದದ್ದು ಇಷ್ಟು. ಮಾವ ದೇವಯ್ಯ ಇಡೀ ದಿನ ಟೊಮೇಟೊ ತೋಟಕ್ಕೆ ಔಷಧಿ ಹೊಡೆದು ಸಂಜೆ ಮನೆಗೆ ಬಂದಿದ್ದ. ಸುನಿತಾ ಬಡಿಸಿದಳು. ಊಟ ಅರ್ಧವಾಗಿರಲಿಲ್ಲ, ಮೈ ನಡುಗಿ ಬಾಯಲ್ಲಿ ನೊರೆ ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟ. ಅದರ ಹಿಂದಿನ ದಿನವಷ್ಟೇ ನಲ್ಲಿಯ ಹತ್ತಿರ, ಕುಮಾರನಿಗೆ ಟೆಂಪೋ ತೆಗೆಸಿಕೊಡುವ ವಿಚಾರಕ್ಕೆ ಮಾವ ಸೊಸೆಗೆ ಜೋರು ಮಾತಾಗಿತ್ತು. "ಈ ಮುದುಕಪ್ಪ ಇರೋಗಂಟ ನಾವು ಉದ್ಧಾರ ಆಗಲ್ಲ, ಹೋಗಬಾರ್ದಾ" ಅಂತ ಸುನಿತಾ ಬಾಯಿಬಿಟ್ಟು ಅಂದಿದ್ದಳು. ದೇವಯ್ಯನ ತಂಗಿ ಬೆಟ್ಟಮ್ಮ ಅದನ್ನು ಕೇಳಿಸಿಕೊಂಡಿದ್ದಳು. ಔಷಧಿ ಡಬ್ಬ ದನ ಮುಟ್ಟದಿರಲಿ ಎಂದು ಅಡುಗೆಮನೆಯ ಅಟ್ಟದ ಮೇಲೆ ಇಟ್ಟಿದ್ದರು. ಪೊಲೀಸರಿಗೆ ಅಷ್ಟು ಸಾಕಾಯಿತು. ಕೆಳಗಿನ ಕೋರ್ಟು ಜೀವಾವಧಿ ಕೊಟ್ಟಿತು. ಸಾಕ್ಷಿ ಹೇಳಿದವರಲ್ಲಿ ಬೆಟ್ಟಮ್ಮನೂ ಇದ್ದಳು, ದ್ಯಾವಮ್ಮನೂ ಇದ್ದಳು.

ಮೊದಲ ವಾರ ಹೇಗೋ ಕಳೆಯಿತು. ಸುನಿತಾ ಒಲೆಯ ಕಡೆ ಹೆಜ್ಜೆ ಇಟ್ಟರೆ ದ್ಯಾವಮ್ಮ, "ಸುಧಾರಿಸ್ಕೊ, ಕೂತ್ಕೊ ಓಗು" ಅನ್ನುತ್ತಿದ್ದಳು. ಮುದುಕಿಯ ಮಂಡಿ ಊದಿಕೊಂಡಿತ್ತು. ಒಲೆಯ ಮುಂದೆ ಕೂತರೆ ಗೋಡೆ ಹಿಡಿಯದೆ ಏಳಲಾಗುತ್ತಿರಲಿಲ್ಲ. ಆದರೂ ಮುದ್ದೆ ಕೋಲನ್ನು ಬಿಟ್ಟುಕೊಡಲಿಲ್ಲ. ಸಗಣಿ ಬಾಚುವುದು, ಬಟ್ಟೆ ಒಗೆಯುವುದು, ಹುಲ್ಲು ತರುವುದು, ಇವಕ್ಕೆಲ್ಲ ಸುನಿತಾ ಆಗುತ್ತಿದ್ದಳು. ಹಾಲು ಕರೆಯುವುದಕ್ಕೆ ಬೇಡ. ಕುಡಿಯುವ ನೀರು ತುಂಬುವುದಕ್ಕೆ ಬೇಡ. ಡೈರಿಗೆ ಹಾಲು ಹುಯ್ಯಲು ಹೋಗುವುದಂತೂ ಬೇಡವೇ ಬೇಡ. ಡೈರಿ ನೋಡಿಕೊಳ್ಳುವ ಸಿದ್ದರಾಜು ದಾರಿಯಲ್ಲಿ ಸಿಕ್ಕಾಗ ನಗುತ್ತಲೇ ಅಂದಿದ್ದ, "ಅಕ್ಕ, ನಿಮ್ಮತ್ತೇನೇ ಹಾಲು ತರ್ಲಿ ಬುಡಿ. ಜನ ಒಂದು ಅಂದ್ರೆ ಒಂದು ಅಂತಾರೆ."

ಗೋವಿಂದನಹಳ್ಳಿಯಲ್ಲಿ ನೆಂಟರ ಪೈಕಿ ಯಾರೋ ತೀರಿಹೋಗಿ ದ್ಯಾವಮ್ಮ ಹೊರಟುಹೋದ ದಿನ ಸುನಿತಾ ಒಲೆ ಹಚ್ಚಿದಳು. ಹಿತ್ತಲಿನ ಸೊಪ್ಪು ಬಿಡಿಸಿ, ತೊಗರಿಬೇಳೆ ಬೇಯಿಸಿ, ಬಸಿದು, ಕಾರ ಅರೆದು ಬಸ್ಸಾರು ಮಾಡಿದಳು. ಮನೆಯೆಲ್ಲ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಎಲ್ಲರ ತಟ್ಟೆ ತೊಳೆದು ಬೋರಲು ಹಾಕಿ ಕಾದಳು.

ಚಿನ್ನು ಸ್ಕೂಲಿನಿಂದ ಬಂದು, "ಹಸಿವಿಲ್ಲ" ಅಂದು ಡಬ್ಬದ ಬಿಸ್ಕತ್ತು ತೆಗೆದುಕೊಂಡು ಆಚೆ ಹೋದಳು. ಟೆಂಪೋ ನಿಲ್ಲಿಸಿ ಬಂದ ಕುಮಾರ್, "ಕೆ.ಆರ್.ಪೇಟೇಲೇ ಆಯ್ತು ಕಣೆ, ಬಾಡಿಗೆ ಪಾರ್ಟಿಯೋರೇ ಊಟ ಕೊಡ್ಸುದ್ರು" ಅಂದು ಕೈಕಾಲು ತೊಳೆಯಲು ಹೋದ. ದ್ಯಾವಮ್ಮ ಬಂದವಳು ಮಿಂದು, "ಸಾವಿನ ಮನೇಲಿ ಒಂದಿಷ್ಟು ಬಾಯಿಗಾಕಂಡೆ" ಅಂದು ಚಾಪೆ ಬಿಡಿಸಿಕೊಂಡಳು. ಸುನಿತಾ ಒಬ್ಬಳೇ ಉಂಡಳು.

ಬೆಳಿಗ್ಗೆ ಉಳಿದ ಮುದ್ದೆ ಸಾರನ್ನೆಲ್ಲ ಬಕೆಟ್ಟಿಗೆ ಸುರಿದು ಕೊಟ್ಟಿಗೆಗೆ ಹೋದಳು. ಹಸುವಿನ ಕಲಗಚ್ಚಿಗೆ ಬೆರೆಸಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ದ್ಯಾವಮ್ಮನ ಕೂಗು ಬಂತು.

"ಅದ ಹಸಕ್ಕೆ ಆಕಬ್ಯಾಡ!"

ಸುನಿತಾ ತಿರುಗಿದಳು. "ಯಾಕೆ?"

"ಹಳಸೋಗಿರ್ತದೆ."

"ಒಂದು ರಾತ್ರಿಗೇ ಹಳಸ್ತದಾ? ದಿನಾ ತಂಗಳು ಹಾಕಲ್ವಾ ನೀವು?"

ಗಬ್ಬದ ಹಸು ಅದು. ದ್ಯಾವಮ್ಮ ಬಂದು ಹಸುವಿಗೂ ಬಕೆಟ್ಟಿಗೂ ನಡುವೆ ನಿಂತಳು. ಅಷ್ಟೇ ಸಾಕಾಯಿತು.

"ಹಸಾನೂ ಸಾಯ್ತದೆ ಅಂತಾನಾ ಅತ್ತೆ?" ಸುನಿತಾಳ ದನಿ ಏರಿತು. ಬಕೆಟ್ಟಿಗೆ ಕೈ ಹಾಕಿ, ನೆಂದ ಮುದ್ದೆಯನ್ನು ಹಿಡಿಹಿಡಿಯಾಗಿ ತೆಗೆದು ಬಾಯಿಗೆ ತುರುಕಿಕೊಂಡಳು. "ನೋಡಿ! ಕಣ್ಬಿಟ್ಟು ನೋಡ್ಕಳಿ! ನಾನು ಇವಾಗ ಬಿದ್ದು ಸಾಯ್ತೀನಾ ನೋಡಿ!"

ಕುಮಾರ್ ಓಡಿ ಬಂದು ಅವಳ ಕೈ ಹಿಡಿದ. "ಲೇ, ಏನೇ ಇದು? ಅವ್ವ, ನೀನಾದ್ರೂ ಸುಮ್ಕಿರಬಾರ್ದಾ?"

"ನಾನ್ಯಾಕೆ ಸುಮ್ಕಿರ್ಲಿ?" ದ್ಯಾವಮ್ಮನೂ ಏರಿದಳು. "ಕೋರ್ಟು ಬುಡ್ತು, ಬುಡ್ತು ಅಂತೀರಿ. ಏನಂತ ಬುಡ್ತು? ನಂಗೆ ಯಾರು ಯೋಳಿದ್ರಿ? ನನ್ ಗಂಡ ಇವ್ಳು ಇಕ್ಕಿದ್ದ ಉಂಡು ನನ್ ತೊಡೆ ಮ್ಯಾಲೆ ನೊರೆ ಕಾರ್ಕಂಡು ಜೀವ ಬುಡ್ತು. ಅದ ನೋಡಿದ್ದು ಈ ಕಣ್ಣು. ಬೆಂಗಳೂರಿನ ಕೋರ್ಟು ಬಂದು ನೋಡಿತ್ತಾ?"

"ಅವ್ವ, ಸಾಕು ಬುಡು."

"ನೀ ಮುಚ್ಕಂಡಿರ್ಲಾ. ಇವ್ಳು ಬಂದಾಗಿಂದ್ಲೂ ಓಟ್ಲಲ್ಲಿ ಉಂಡ್ಕಂಡು ಬರೋನು, ನಂಗೆ ಬುದ್ಧಿ ಯೋಳಕ್ ಬಂದವ್ನೆ!"

ಕುಮಾರನ ಮುಖ ಕಪ್ಪಿಟ್ಟಿತು. ಸುನಿತಾ ಕೈ ಬಿಡಿಸಿಕೊಂಡು ಅವನನ್ನೇ ನೋಡಿದಳು. ಬಾಡಿಗೆ ಪಾರ್ಟಿ ಯಾವುದೂ ಇರಲಿಲ್ಲ ಅನ್ನುವುದು ಆಗ ತಿಳಿಯಿತು.

"ನೀವೂ ನಂಬಿದ್ರಾ?"

"ಒಂದೊಂದ್ ದಿನ ನಂಬ್ತಿದ್ದೆ, ಒಂದೊಂದ್ ದಿನ ಇಲ್ಲ. ನೀನು ಒಳಗಿದ್ದೆ. ಅಪ್ಪ ಮಣ್ಣಲ್ಲಿತ್ತು. ಇನ್ಯಾರ್ನ ಕೇಳ್ಲಿ ನಾನು?"

ಸುದ್ದಿ ಹೇಗೋ ತವರೂರು ಪಾಲಹಳ್ಳಿಗೆ ಮುಟ್ಟಿ, ಮಾರನೆಯ ದಿನವೇ ಸುನಿತಾಳ ಅಣ್ಣ ಚಲುವರಾಜು ಬೈಕಿನಲ್ಲಿ ಬಂದ. ಕಾಪಿಯನ್ನೂ ಮುಟ್ಟಲಿಲ್ಲ.

"ಬಟ್ಟೆ ತಗೊ, ನಡಿ. ಇವ್ರ ಮನೇಲಿ ನೀನೇನು ಬೇಡ್ಕಂಡು ತಿನ್ಬೇಕಾ?"

"ನಾನು ಬರಲ್ಲ ಕಣಣ್ಣ."

"ಯಾಕವ್ವ? ಇಷ್ಟಾದ್ರೂ?"

"ಈಗ ನಾನು ಹೊರಟ್ರೆ ಊರೋರು ಏನಂತಾರೆ? ಮಾಡಿದ್ದು ದಿಟ, ಅದಕ್ಕೇ ನಿಲ್ಲಕ್ಕಾಗ್ಲಿಲ್ಲ ಅಂತಾರೆ. ಚಿನ್ನುನೂ ಅಂಗೇ ಅಂದ್ಕತಾಳೆ. ಇದು ನನ್ನ ಮನೆ. ಇಲ್ಲೇ ಇರ್ತೀನಿ."

ಚಲುವರಾಜು ತಂಗಿಯ ಅತ್ತೆಯನ್ನೂ ಗಂಡನನ್ನೂ ಬಾಯಿಗೆ ಬಂದಂತೆ ಅಂದು ಹೊರಟುಹೋದ. ಅವನ ಬೈಕು ಮರೆಯಾಗುತ್ತಿದ್ದಂತೆ ಸುನಿತಾ ಕೊಟ್ಟಿಗೆಯ ಪಕ್ಕದ ಶೀಟಿನ ಕೆಳಗೆ ಮೂರು ಕಲ್ಲು ಇಟ್ಟು ಒಲೆ ಹೂಡಿದಳು. ಒಂದು ಪಾತ್ರೆ, ಒಂದು ತಟ್ಟೆ. ಅವತ್ತಿನಿಂದ ಒಂದೇ ಮನೆಯಲ್ಲಿ ಎರಡು ಕಡೆ ಹೊಗೆ ಏಳತೊಡಗಿತು. ಬೀದಿಯಲ್ಲಿ ಹೋಗುವವರು ಇಣುಕಿ ನೋಡಿಕೊಂಡೇ ಮುಂದೆ ಹೋಗುತ್ತಿದ್ದರು. ಬೆಟ್ಟಮ್ಮ ಅಂತೂ ಬೇಲಿಯ ಹತ್ತಿರ ನಿಂತು, "ಒಳ್ಳೇದಾಯ್ತು ಬುಡು ಅತ್ತಿಗೆ, ಬ್ಯಾರೆ ಒಲೇನೇ ವಾಸಿ" ಅಂದಳು. ದ್ಯಾವಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು.

ಬೇರೆ ಒಲೆ ಸುನಿತಾಗೆ ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಬೇಕಾದಾಗ ಹಚ್ಚಿದಳು, ಬೇಕಾದ್ದು ಮಾಡಿಕೊಂಡಳು. ಒಂದು ದಿನ ಮುದ್ದೆ, ಒಂದು ದಿನ ಬರೀ ಹುರಿಗಡಲೆ. ಗಂಟೆ ಹೊಡೆದಾಗ ಏಳಬೇಕು, ಗಂಟೆ ಹೊಡೆದಾಗ ಉಣ್ಣಬೇಕು ಅನ್ನುವ ಕಾಟವಿಲ್ಲ. ಅಲ್ಲಿಗೆ ಮೊದಲು ಬಂದವಳು ಚಿನ್ನು. ಕರುವಿಗೆ ಹುಲ್ಲು ಹಾಕುವ ನೆಪ. ಹುಲ್ಲು ಹಾಕಿ ಆದರೂ ಹೋಗಲಿಲ್ಲ.

"ಜೈಲಲ್ಲಿ ಟೀವಿ ಇತ್ತಾ?"

"ಇತ್ತು. ಎಲ್ರೂ ಒಂದೇ ಸೀರಿಯಲ್ಲು ಬೇಕು ಅಂತ ಜಗಳ ಆಡ್ತಿದ್ರು."

"ಹೊಡೀತಿದ್ರಾ?"

"ನನ್ನ ಹೊಡೀಲಿಲ್ಲ."

ಚಿನ್ನು ಕೆಂಡದ ಕಡೆ ನೋಡಿದಳು. ಬೂದಿಯಲ್ಲಿ ಗೆಣಸು ಹುದುಗಿತ್ತು. ಬೆಂದ ವಾಸನೆ ಬರುತ್ತಿತ್ತು.

"ಒಂದು ಕೊಡ್ತೀಯಾ ಅಮ್ಮ? ಅಜ್ಜಿಗೆ ಹೇಳ್ಬೇಡ."

ಅಮ್ಮ ಅನ್ನಿಸಿಕೊಂಡ ಖುಷಿಗೆ ಸುನಿತಾಳ ಕೈ ಅರ್ಧ ಮುಂದೆ ಬಂದಿತ್ತು. ತಡೆದಳು. "ಅಜ್ಜಿಗೆ ಹೇಳಿ ಬಂದು ತಿನ್ನು. ನನ್ನ ತಾವು ಕದ್ದು ತಿನ್ನೋದು ಬೇಡ."

ಚಿನ್ನು ಒಳಗೆ ಓಡಿದಳು. ಅಲ್ಲಿ ಏನು ಮಾತಾಯಿತೋ ಕೇಳಿಸಲಿಲ್ಲ. ಹುಡುಗಿ ಬಂದು ಗೆಣಸು ಸುಲಿದುಕೊಂಡು, ಬಾಯಿ ಸುಟ್ಟುಕೊಂಡು ತಿಂದಳು. ದ್ಯಾವಮ್ಮ ಹಿತ್ತಲ ಬಾಗಿಲಲ್ಲಿ ನಿಂತು, ಪ್ರತಿ ತುತ್ತೂ ಇಳಿಯುವುದನ್ನು ನೋಡಿದಳು. ಬೇಡ ಅನ್ನಲಿಲ್ಲ. ಆದರೆ ಆಮೇಲೆ ಸಂಜೆಯವರೆಗೂ ಮೊಮ್ಮಗಳ ಹಿಂದೆಯೇ ಸುತ್ತಿದಳು. ಹಣೆ ಮುಟ್ಟಿದಳು. "ಒಟ್ಟೆ ನೋಯ್ತದಾ ಮೊಗ? ತಲೆ ಸುತ್ತುತ್ತದಾ?" ಎಂದು ಕೇಳುತ್ತಲೇ ಇದ್ದಳು. ಚಿನ್ನು ಕುಂಟಾಬಿಲ್ಲೆ ಆಡುತ್ತಿದ್ದಾಗಲೂ ಕಟ್ಟೆಯ ಮೇಲೆ ಕೂತು ಕಾವಲು ಕಾದಳು.

ಶೀಟಿನ ಕೆಳಗಿನಿಂದ ಸುನಿತಾ ಇದನ್ನೆಲ್ಲ ಕಂಡಳು. ಇಷ್ಟು ದಿನ ಅತ್ತೆಯದು ಹಗೆ ಎಂದೇ ತಿಳಿದಿದ್ದಳು. ಈ ಮುದುಕಿಗೆ ಹಗೆಯಲ್ಲ, ಭಯ. ಗಂಡನನ್ನು ಕಳೆದುಕೊಂಡವಳು ಮೊಮ್ಮಗಳನ್ನೂ ಕಳೆದುಕೊಂಡೇನು ಎಂದು ಹೆದರಿ ಒಣಗುತ್ತಿದ್ದಾಳೆ. ಹಗೆಯಾಗಿದ್ದರೆ ಸುನಿತಾ ಬಿಟ್ಟುಬಿಡುತ್ತಿದ್ದಳೇನೋ. ಭಯವನ್ನು ಹಾಗೆ ಬಿಡಲು ಮನಸ್ಸಾಗಲಿಲ್ಲ.

ಬೆಳಿಗ್ಗೆ ಅಂಗಳ ಗುಡಿಸುತ್ತಾ ಕೇಳಿದಳು.

"ಅತ್ತೆ, ಕೋರ್ಟು ಏನಂತ ಬಿಡ್ತು ಅಂತ ನಿಮ್ಗೆ ಯಾರೂ ಹೇಳ್ಲಿಲ್ಲ ಅಂದ್ರಲ್ಲ. ನಾನು ಹೇಳುದ್ರೆ ನೀವು ನಂಬಲ್ಲ. ಮಾವನ ಮೈ ಪರೀಕ್ಷೆ ಮಾಡಿದ್ರಲ್ಲ ಡಾಕ್ಟ್ರು, ರಿಟೈರಾಗಿ ಶ್ರೀರಂಗಪಟ್ಟಣದಲ್ಲವ್ರಂತೆ. ನನ್ನ ಕೇಸಿನ ಲಾಯರಮ್ಮ ಹೇಳುದ್ರು. ಬನ್ನಿ, ಅವ್ರ ಬಾಯಲ್ಲೇ ಕೇಳಿ."

ದ್ಯಾವಮ್ಮ ರಾಗಿ ಕೇರುತ್ತಿದ್ದ ಮೊರ ನಿಲ್ಲಿಸಿದಳು. "ಅವ್ರು ನನ್ನಂತೋಳ ಮಾತಾಡುಸ್ತಾರಾ?"

"ಕೇಳಣ. ಕತ್ತು ಹಿಡಿದು ಆಚೆ ನೂಕಲ್ಲ."

ಕೆ.ಆರ್.ಪೇಟೆಯಲ್ಲಿ ಬಸ್ಸು ಬದಲಾಯಿಸಿ, ಪಾಂಡವಪುರದ ಮೇಲೆ ಹೋಗಿ ಇಳಿದಾಗ ಬಿಸಿಲು ಏರಿತ್ತು. ಡಾಕ್ಟರ್ ದೊರೆಸ್ವಾಮಿಯವರ ಮನೆ ಕೋಟೆಯೊಳಗೆ, ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಅವರ ಹೆಂಡತಿ ಭಾಗೀರಥಮ್ಮ ಬಾಗಿಲು ತೆರೆದು, ಯಾರು ಏನು ಎಂದು ಪೂರ್ತಿ ಕೇಳುವ ಮೊದಲೇ, "ಬಿಸಿಲಲ್ಲಿ ಬಂದಿದೀರಿ, ಒಳಗೆ ಬನ್ನಿ" ಅಂದರು. ತಟ್ಟೆಯಲ್ಲಿ ಉಪ್ಪಿಟ್ಟು ಬಂತು. ದ್ಯಾವಮ್ಮ ಕಂಡು ಕೇಳರಿಯದವರ ಮನೆಯ ಉಪ್ಪಿಟ್ಟನ್ನು ಒಂದಗುಳು ಬಿಡದೆ ತಿಂದಳು. ಅದನ್ನು ನೋಡಿ ಸುನಿತಾ ತನ್ನ ತಟ್ಟೆಯನ್ನು ಅರ್ಧಕ್ಕೇ ಕೆಳಗಿಟ್ಟಳು.

ಡಾಕ್ಟರಿಗೆ ಕೇಸು ನೆನಪಿತ್ತು. ಮೇಲಿನ ಕೋರ್ಟಿನ ಕಾಲಕ್ಕೆ ಲಾಯರು ಬಂದು ಕೇಳಿಕೊಂಡು ಹೋಗಿದ್ದರಂತೆ. ಅವರು ಕುರ್ಚಿಯನ್ನು ದ್ಯಾವಮ್ಮನ ಎದುರಿಗೆ ಎಳೆದುಕೊಂಡು ಕೂತರು.

"ನೋಡಿಯಮ್ಮ, ನಿಮ್ಮ ಯಜಮಾನರ ಹೊಟ್ಟೆಯಲ್ಲಿದ್ದ ಅನ್ನದಲ್ಲಿ ವಿಷ ಇರಲಿಲ್ಲ. ರಕ್ತದಲ್ಲಿತ್ತು. ಬೆನ್ನಿನ ಚರ್ಮ ಉದ್ದಕ್ಕೂ ಕೆಂಪಗೆ ಸುಟ್ಟ ಹಾಗಾಗಿತ್ತು. ನಾನು ಆಗಲೇ ಬರೆದಿದ್ದೆ. ಕೆಳಗಿನ ಕೋರ್ಟಲ್ಲಿ ಬೆನ್ನಿನ ಮಾತನ್ನೇ ಯಾರೂ ಎತ್ತಲಿಲ್ಲ. ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಕ್ಯಾನು ಸೋರುತ್ತಿತ್ತೇನು?"

"ಸೋರ್ತಿತ್ತು ಬುದ್ಧಿ. ಸೈಕಲ್ ಟ್ಯೂಬು ಸುತ್ತಿ ಬಿಗೀತಿದ್ರು. ಹೊಸದು ತತ್ತೀನಿ ಅಂದ ಮಗಂಗೇ ಬಯ್ದ್ರು, ನಿಂಗೆ ದುಡ್ಡೆಚ್ಚಾಗ್ಯದಾ ಅಂತ."

"ಅವತ್ತು ಅಂಗಿ ಒದ್ದೆಯಾಗಿತ್ತಾ?"

"ನೆಂದು ತೊಪ್ಪೆಯಾಗಿತ್ತು. ಬೆವರು ಅಂದ್ಕಂಡೆ."

"ಅದನ್ನು ತೆಗೆದವರು ಯಾರು?"

"ನಾನೇಯ. ಆಸ್ಪತ್ರೆಗೆ ಒಳ್ಳೇ ಬಟ್ಟೇಲಿ ಕರ್ಕಂಡೋಗಣ ಅಂತ ಬಿಚ್ಚಿದೆ. ಸತ್ತೋರ ಬಟ್ಟೆ ಅಂತ ಆಮ್ಯಾಕೆ ಒಗದೂ ಬುಟ್ಟೆ, ಕೈಯಲ್ಲೇ ಉಜ್ಜಿ."

"ಆಮೇಲೆ ನಿಮಗೇನಾದರೂ ಆಯಿತಾ? ಯೋಚನೆ ಮಾಡಿ ಹೇಳಿ."

ದ್ಯಾವಮ್ಮ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ಕೈ ನಡುಗ್ತು. ವಾಂತಿ ಆಯ್ತು. ಕಣ್ಣು ಮಂಜಾಗಿ ಎದುರ್ಗಿರೋರೇ ಕಾಣ್ತಿರ್ಲಿಲ್ಲ. ಎರಡು ದಿನ ಅಂಗೇ ಇತ್ತು. ಗಂಡ ಓದ ಸಂಕಟಕ್ಕೆ ಅಂದ್ಕಂಡೆ. ಎಲ್ರೂ ಅಂಗೇ ಅಂದ್ರು."

"ಅವತ್ತು ನೀವು ಊಟ ಮಾಡಿದ್ದಿರಾ?"

"ಎಲ್ಲಿ ಊಟ ಬುದ್ಧಿ! ಅವ್ರು ಬಿದ್ ಮ್ಯಾಲೆ ಒಲೆ ತಾವ್ಕೇ ಯಾರೂ ಓಗ್ನಿಲ್ಲ."

"ಸೊಸೆಯ ಕೈಯಡುಗೆ ಒಂದು ತುತ್ತೂ ಉಣ್ಣದ ನಿಮಗೆ ಆ ವಿಷ ಎಲ್ಲಿಂದ ಬಂತು ತಾಯಿ?"

ದ್ಯಾವಮ್ಮ ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು. ಈ ಮಾತು ಸುನಿತಾಗೂ ಹೊಸದು. ಏಳು ವರ್ಷ ಲಾಯರುಗಳು, ಕಾಗದಗಳು, ವಾಯಿದೆಗಳು. ಅಷ್ಟರಲ್ಲೂ ಇದು ಅತ್ತೆಯ ಮೈಯಲ್ಲೇ ಉಳಿದುಬಿಟ್ಟಿತ್ತು.

"ಇದ್ನ ಅವತ್ತು ಕೋರ್ಟಲ್ಲಿ ಹೇಳಿದ್ರೆ ಏನಾಗ್ತಿತ್ತು ಅತ್ತೆ!"

"ಯಾರು ಕೇಳಿದ್ರವ್ವ?" ದ್ಯಾವಮ್ಮನ ದನಿ ಸಣ್ಣದಾಯಿತು. "ಊಟ ಇಕ್ಕಿದ್ದು ಯಾರು ಅಂದ್ರು. ಸೊಸೆ ಅಂದೆ. ಸರಿ, ಇಳೀರಿ ಅಂದ್ರು."

ಹಿಂದಿರುಗುವ ಬಸ್ಸಿನಲ್ಲಿ ಪಾಂಡವಪುರ ದಾಟಿದ ಮೇಲೆ ದ್ಯಾವಮ್ಮ ಅಳಲು ಶುರು ಮಾಡಿದಳು. ಸದ್ದಿಲ್ಲದ ಅಳು, ಭುಜ ಮಾತ್ರ ಕುಲುಕುತ್ತಿತ್ತು. ಸುನಿತಾಳ ಎದೆಯ ಮೇಲಿನ ಚಪ್ಪಡಿ ಸರಿದು ಉಸಿರು ಸಲೀಸಾಗಿತ್ತು. ಆದರೆ ಪಕ್ಕದವಳನ್ನು ಸಮಾಧಾನ ಮಾಡಬೇಕು ಅನ್ನಿಸಲಿಲ್ಲ. ಅಳಲಿ ಎಂದು ಬಿಟ್ಟು ಗದ್ದೆಗಳನ್ನು ನೋಡುತ್ತ ಕೂತಳು. ಚಿನಕುರಳಿ ಬಂದಾಗ ಕರ್ಚೀಫು ತೆಗೆದು ಅತ್ತೆಯ ತೊಡೆಯ ಮೇಲೆ ಇಟ್ಟಳು.

ಮನೆಗೆ ಬಂದ ದ್ಯಾವಮ್ಮ ಮುಖ ತೊಳೆದು ನೇರವಾಗಿ ಶೀಟಿನ ಕೆಳಗೆ ಹೋಗಿ ಕಾಲು ಚಾಚಿ ಕೂತಳು. "ಏನ್ ಮಾಡ್ತೀಯವ್ವ ಇವತ್ತು?"

"ಉಪ್ಪೆಸ್ರು. ನನಗೊಬ್ಬಳಿಗೆ."

"ನನಗೂ ಒಂದ್ ಮುದ್ದೆ ಆಕು."

"ಇಲ್ಲ ಅತ್ತೆ." ಸುನಿತಾ ತಲೆ ಎತ್ತಲಿಲ್ಲ. "ಇಷ್ಟು ದಿನ ನೀವು ಬೇಡ ಅಂದ್ರಿ. ಈಗ ನನಗೆ ಬೇಡ. ನೀವೇ ಮಾಡ್ಕಳಿ."

ದ್ಯಾವಮ್ಮ ಗೋಡೆ ಹಿಡಿದು ಎದ್ದು ಹೋದಳು. ಕುಮಾರ್ ಬಂದು, "ಅವ್ವ ಅಷ್ಟು ಸೋತು ಕೇಳವ್ಳೆ, ಇನ್ನೇನು ಬೇಕು ನಿನಗೆ?" ಅಂದ.

"ನಿಮಗೆ ಗೊತ್ತಾದ್ದು ಇವತ್ತು. ನನಗೆ ಏಳು ವರ್ಷದಿಂದ ಗೊತ್ತಿತ್ತು. ಸ್ವಲ್ಪ ದಿನ ತಡೀರಿ."

ಕುಮಾರ್ ಹೋಟೆಲ್ಲಿಗೆ ಹೋಗುವುದನ್ನು ಬಿಟ್ಟ. ತಾಯಿ ಮಾಡಿದ ಸೀದ ಸಾರನ್ನೇ ಉಂಡ. ಸಂಜೆ ಟೆಂಪೋ ನಿಲ್ಲಿಸಿದ ಮೇಲೆ ಶೀಟಿನ ಕೆಳಗೆ ಬಂದು, ಕೇಳದಿದ್ದರೂ ಸೌದೆ ಒಡೆದು ಕೊಡುತ್ತಿದ್ದ. ದ್ಯಾವಮ್ಮ ಊರಲ್ಲಿ ಬಾಯಿ ತೆರೆದಳು. ಡೈರಿಯ ಸಾಲಿನಲ್ಲಿ, ನಲ್ಲಿಯ ಹತ್ತಿರ, ಬೇಲಿಯಾಚೆಯ ಬೆಟ್ಟಮ್ಮನಿಗೆ, ಕಂಡಕಂಡವರಿಗೆಲ್ಲ ಅಂಗಿ, ಬೆನ್ನು, ತನ್ನ ಕೈ ನಡುಗಿದ್ದು ಎಲ್ಲವನ್ನೂ ಹೇಳಿದಳು. ಕೇಳಿದವರಲ್ಲಿ ಕೆಲವರು ಅಯ್ಯೋ ಅಂದರು. ಕೆಲವರು, ಸೊಸೆ ಮುದುಕಿಗೆ ಹೇಳಿಕೊಟ್ಟು ಆಡಿಸುತ್ತಿದ್ದಾಳೆ ಅಂದರು. ಒಂದು ಬೆಳಿಗ್ಗೆ ದ್ಯಾವಮ್ಮ ಮಂಡಿ ನೋವು ಅಂತ ಹೇಳಿ ಹಾಲಿನ ಕ್ಯಾ‌ನನ್ನು ಸುನಿತಾಳ ಕೈಗೆ ಕೊಟ್ಟಳು. ಸಿದ್ದರಾಜು ಕ್ಯಾನು ನೋಡಿದ, ಇವಳ ಮುಖ ನೋಡಿದ, ಅಳೆದು ಹುಯ್ದುಕೊಂಡ. ಸಾಲಿನಲ್ಲಿದ್ದ ಇಬ್ಬರು ಗೊಣಗಿದರು. ಅವನು ಕೇಳಿಸದವನ ಹಾಗೆ "ಮುಂದಿನೋರು ಬನ್ನಿ" ಅಂದ.

ಪಿತೃಪಕ್ಷ ಹತ್ತಿರ ಬಂತು. ದ್ಯಾವಮ್ಮ ಮತ್ತೆ ಒಲೆಯ ಬಳಿ ಬಂದಳು. ಈ ಸಲ ಕೂರಲಿಲ್ಲ.

"ನಿಮ್ ಮಾವಂಗೆ ಎಡೆ ಇಕ್ಕಬೇಕು. ನೀನೇ ಅಡುಗೆ ಮಾಡ್ಬೇಕು."

"ಯಾಕೆ ನಾನು?"

"ಅವತ್ತು ನೀನಿಕ್ಕಿದ್ದ ಊಟ ಅವ್ರು ಪೂರ್ತಿ ಉಣ್ನಿಲ್ಲ." ಮುದುಕಿ ತಡವರಿಸಿದಳು. "ಕೋರ್ಟಲ್ಲಿ ನಾನಂದದ್ದ ಊರೆಲ್ಲ ಕೇಳ್ಯದೆ. ಇದ್ನೂ ಊರೆಲ್ಲ ನೋಡ್ಲಿ. ನಾನು ತಪ್ಪು ಮಾಡ್ದೆ ಕಣವ್ವ ಅಂತ ನಿನ್ ಕಾಲು ಇಡ್ಕಳನ ಅಂದ್ರೆ ಮಂಡಿ ಬಗ್ಗಲ್ಲ."

ಸುನಿತಾಗೆ ನಗು ಬಂದುಬಿಟ್ಟಿತು. ನಗುತ್ತಲೇ ಕಣ್ಣು ಒರೆಸಿಕೊಂಡಳು.

"ನೀವೇನು ಕಾಲು ಹಿಡೀಬೇಡಿ. ಮಾಡ್ತೀನಿ. ಆದ್ರೆ ಈ ಒಲೇಲಲ್ಲ. ಒಳಗಿನ ಒಲೇಲಿ. ಅದು ನನ್ನ ಒಲೆ."

"ನಿಂದೇ ಕಣವ್ವ, ನಿಂದೇ."

ಹಬ್ಬದ ದಿನ ಬೆಳಕು ಹರಿಯುವ ಮುಂಚೆ ಸುನಿತಾ ಮಿಂದು ಒಳಗಿನ ಒಲೆ ಸಾರಿಸಿದಳು. ನಾಟಿ ಕೋಳಿ ಸಾರು, ಕಾಳು ಪಲ್ಯ, ಕಜ್ಜಾಯ, ಪಾಯಸ. ದೇವಯ್ಯನಿಗೆ ಇಷ್ಟ ಎಂದು ಹುರುಳಿಕಾಳು ಬಸ್ಸಾರೂ ಆಯಿತು. ಕಳಶದ ಮುಂದೆ ಹೊಸ ಪಂಚೆ, ಒಂದು ಕಟ್ಟು ಬೀಡಿ, ಬಾಳೆಲೆ. ಎಲೆಯ ತುಂಬ ಬಡಿಸಿದವಳು ಸುನಿತಾ. "ಮಾವ, ಬೈದಿದ್ದೇನೋ ಬೈದೆ. ಉಣ್ಣಿ" ಎಂದು ಮೆಲ್ಲಗೆ ಅಂದಳು. ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರೂ ಆಚೆ ಬಂದು ಬಾಗಿಲು ಮುಂದೆ ಮಾಡಿಕೊಂಡರು.

ನೆಂಟರು, ಕೇರಿಯವರು ಹಜಾರದಲ್ಲಿ ಸೇರಿದ್ದರು. ಚಲುವರಾಜುವೂ ಬಂದು ಮುಖ ಬಿಗಿದುಕೊಂಡು ಒಂದು ಮೂಲೆಯಲ್ಲಿ ಕೂತಿದ್ದ. ಎಲೆ ಹಾಕಿದಾಗ ಯಾರೂ ಏಳಲಿಲ್ಲ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಬೆಟ್ಟಮ್ಮ ಸೆರಗು ಸರಿಮಾಡಿಕೊಂಡು, "ನಂಗೆ ಮೈ ಸರಿಯಿಲ್ಲ ಅತ್ತಿಗೆ. ಅಣ್ಣಂಗೆ ಕೈ ಮುಗದೆ, ಸಾಕು" ಎಂದು ಎದ್ದಳು.

"ಉಂಡು ಓಗು ಬೆಟ್ಟವ್ವ."

"ಬ್ಯಾಡ."

"ಸರಿ ಓಗು. ನಿನ್ನೊಟ್ಟೆ ನಿಂದು." ದ್ಯಾವಮ್ಮ ತಡೆಯಲಿಲ್ಲ. ಬೆಟ್ಟಮ್ಮ ಮೆಟ್ಟಿಲಿಳಿದು ಹೋದಳು. ಆಮೇಲೂ ಬಹಳ ಕಾಲ ಆ ಮನೆಯ ನೀರು ಮುಟ್ಟಲಿಲ್ಲ.

ದ್ಯಾವಮ್ಮ ಗೋಡೆ ಹಿಡಿದುಕೊಂಡು ಮೊದಲ ಎಲೆಯ ಮುಂದೆ ಕೂತಳು. ಪಕ್ಕದ ಎಲೆಗೆ ಕುಮಾರ್ ಬಂದ. ಅವನ ಪಕ್ಕ ಚಿನ್ನು. ಎದುರು ಸಾಲಿನಲ್ಲಿ ಕೇರಿಯ ಮುದುಕ ಸೋಮಯ್ಯ ಗಂಟಲು ಸರಿ ಮಾಡಿಕೊಂಡು, "ನಾಟಿ ಕೋಳಿ ವಾಸನೆ ಬತ್ತಾ ಅದೆ, ಇನ್ನೆಷ್ಟೊತ್ತು ಕೂರೋದ್ರಲಾ" ಎಂದು ಎಲೆಗೆ ನೀರು ಚಿಮುಕಿಸಿದ. ಆಮೇಲೆ ಸಿದ್ದರಾಜು, ಚಲುವರಾಜು. ನೋಡನೋಡುತ್ತ ಜಾಗ ಸಾಲದಾಯಿತು.

ಸುನಿತಾ ಬಡಿಸಿದಳು. ದ್ಯಾವಮ್ಮ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿದಳು. ಮತ್ತೊಂದು ತುತ್ತು. ಮತ್ತೊಂದು. ಹಜಾರದಲ್ಲಿ ಮಾತು ಶುರುವಾಯಿತು. ಮಳೆ, ಕಬ್ಬಿನ ರೇಟು, ಯಾರದೋ ಮಗಳ ಮದುವೆ. ಎರಡನೆಯ ಮುದ್ದೆಯ ನಡುವೆ ದ್ಯಾವಮ್ಮ ಕೈ ನಿಲ್ಲಿಸಿ ಅಡುಗೆಮನೆಯ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು.

"ಸುನಿತಾ! ಸಾರಿಗೆ ಉಪ್ಪು ಕಮ್ಮಿ ಆಗ್ಯದಲ್ಲೇ. ನಾಲಿಗೆ ಎಲ್ಲಿ ಮಡಗಿದ್ದೆ?"

"ಉಪ್ಪು ನಿಮ್ಮ ಎಲೆ ತುದೀಲೇ ಅದೆ, ಬೇಕಾದ್ರೆ ಬೆರೆಸ್ಕಳಿ!" ಒಳಗಿನಿಂದ ಸುನಿತಾ ಅಷ್ಟೇ ಜೋರಾಗಿ ಅಂದಳು. "ನನಗೆ ನೂರು ಕೆಲ್ಸ ಬಿದ್ದವೆ. ಎರಡನೇ ಪಂಕ್ತಿಗೆ ಮುದ್ದೆ ಸಾಲಲ್ಲ ಇಲ್ಲಿ!"

ಯಾರೋ ನಕ್ಕರು. ಸುನಿತಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುದಿಯುವ ನೀರಿಗೆ ಇನ್ನೊಂದು ಸೇರು ರಾಗಿ ಹಿಟ್ಟು ಸುರಿದಳು.